ಪುಕ್ಕಟೆ ಆ್ಯಪಿನ ಬೆಲೆ ತೆರುವವರು ಯಾರು?

ಗದಗಕ್ಕೆ ‘ಮುದ್ರಣ ಕಾಶಿ’ ಎಂಬ ಹೆಸರು ಸುಮ್ಮನೆ ಬಂದುದಲ್ಲ. ಶಬ್ದಕೋಶ, ಪಠ್ಯಪುಸ್ತಕ, ಪರೀಕ್ಷೆಯ ಗೈಡು ಎಂದು ನಾಡಿನ ಶಾಲಾ ಮಕ್ಕಳ ಪಾಟೀಚೀಲ ಸೇರಿದ ಅದೆಷ್ಟೋ ಪುಸ್ತಕಗಳು ಈ ಊರಿನ ಅಚ್ಚುಮನೆಗಳಿಂದ ಹೊರಬಂದಿವೆ. ವಿಜಯ ಸಂಕೇಶ್ವರರು ಸಾರಿಗೆ ಉದ್ಯಮಕ್ಕೂ ಪತ್ರಿಕೋದ್ಯಮಕ್ಕೂ ಕಾಲಿಡುವ ಮುನ್ನ ಅವರ ಮನೆತನ ನಡೆಸುತ್ತಿದ್ದದ್ದು ಇದೇ ಊರಿನ ಮುದ್ರಣ ಮತ್ತು ಪ್ರಕಾಶನದ ಕಸುಬನ್ನು. ಅಚ್ಚಿನ ಕಸುಬು ಬಲ್ಲವರಿಗೆ ಒಂದು ಸತ್ಯ ಚೆನ್ನಾಗಿ ಗೊತ್ತು. ಪುಸ್ತಕದ ನಿಜವಾದ ಖರ್ಚೆಲ್ಲ ಮೊದಲ ಪ್ರತಿಯದು. ಬರೆಸುವುದು, ಮೊಳೆ ಜೋಡಿಸುವುದು, ಕರಡು ತಿದ್ದುವುದು ಎಲ್ಲ ಅದರಲ್ಲೇ ಮುಗಿಯುತ್ತದೆ. ಎರಡನೆಯ ಪ್ರತಿಯಿಂದಾಚೆ ಬೇಕಾದದ್ದು ಬರಿಯ ಕಾಗದ ಮತ್ತು ಮಸಿ. ಬೇರೊಬ್ಬರು ಆ ಮೊದಲ ಪ್ರತಿಯನ್ನು ಎತ್ತಿಕೊಂಡು ತಮ್ಮ ಯಂತ್ರದಲ್ಲಿ ಅಚ್ಚು ಹಾಕಿ ಅರ್ಧ ಬೆಲೆಗೆ ಮಾರಿದರೆ, ಊರಿನ ಯಾವ ಮುದ್ರಕನೂ ಅದನ್ನು ಜಾಣತನವೆಂದು ಕರೆಯಲಾರ. ಕಳವು ಎಂದೇ ಕರೆಯುತ್ತಾನೆ.

ಆದರೆ ಇದೇ ಮಾತನ್ನು ಮೊಬೈಲ್ ಫೋನಿನ ಆ್ಯಪಿಗೆ ಅನ್ವಯಿಸಿ ನೋಡಿ. ಅಲ್ಲಿ ನಮ್ಮ ನೀತಿಯ ತಕ್ಕಡಿ ಥಟ್ಟನೆ ಬದಲಾಗಿಬಿಡುತ್ತದೆ. ಗದಗ-ಬೆಟಗೇರಿಯಲ್ಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಪೇಟೆಗಳಲ್ಲಿ ಹೊಸ ಫೋನು ಕೊಂಡವರು ಅದರಲ್ಲಿ ಆಟ, ಹಾಡು, ವಿಡಿಯೊ ತಿದ್ದುವ ಸಾಧನಗಳನ್ನು ತುಂಬಿಸಿಕೊಳ್ಳುವ ಬಗೆಯನ್ನು ನಾನು ಬಹುಕಾಲದಿಂದ ಗಮನಿಸುತ್ತ ಬಂದಿದ್ದೇನೆ. ಅಧಿಕೃತ ಮಳಿಗೆಯಲ್ಲಿ ಹಣ ಕೇಳುವ ಆ್ಯಪಿನ ಬೀಗ ಒಡೆದ ಪ್ರತಿ, ಅಂದರೆ ‘ಮಾಡ್ ಎಪಿಕೆ’, ಗೆಳೆಯರ ಫೋನಿನಿಂದಲೋ ಟೆಲಿಗ್ರಾಂ ಗುಂಪಿನಿಂದಲೋ ಕ್ಷಣಮಾತ್ರದಲ್ಲಿ ಬಂದು ಕೂರುತ್ತದೆ. “ಪ್ಲೇ ಸ್ಟೋರ್‌ನ್ಯಾಗ ರೊಕ್ಕ ಕೇಳತೈತ್ರಿ ಸರ, ಇದು ಪುಕ್ಕಟ ಐತಿ” ಎಂದು ಒಬ್ಬ ಕಾಲೇಜು ಹುಡುಗ ನನಗೆ ಅತ್ಯಂತ ಸಹಜವಾಗಿ ಹೇಳಿದ್ದುಂಟು. ಆತನ ದನಿಯಲ್ಲಿ ಅಪರಾಧ ಪ್ರಜ್ಞೆಯ ಲವಲೇಶವೂ ಇರಲಿಲ್ಲ. ಬೆಂಗಳೂರಿನ ಮಾಹಿತಿ ತಂತ್ರಜ್ಞಾನ ಕಂಪನಿಗಳಲ್ಲಿ ದುಡಿಯುವವರ ಮನೆಗಳಲ್ಲೂ ಇಂಥ ಆ್ಯಪುಗಳನ್ನು ಕಂಡಿದ್ದೇನಾದ್ದರಿಂದ ಇದನ್ನು ಹಳ್ಳಿಗರ ಅಜ್ಞಾನವೆಂದು ತಳ್ಳಿಹಾಕುವುದು ಸರಿಯಲ್ಲ.

ಈ ಕಳವು ನಡೆಯುವ ಬಗೆಯನ್ನು ಅರಿತರೆ ಅದರ ಸ್ವರೂಪವೂ ಸ್ಪಷ್ಟವಾಗುತ್ತದೆ. ಆಂಡ್ರಾಯ್ಡ್ ಆ್ಯಪ್ ಎಂಬುದು ಹಲವು ಕಡತಗಳನ್ನು ಒಟ್ಟು ಕಟ್ಟಿದ ಒಂದು ಗಂಟು. ಆ ಗಂಟಿನ ಮೇಲೆ ತಯಾರಕನ ಡಿಜಿಟಲ್ ಸಹಿ ಇರುತ್ತದೆ. ನಕಲಿ ಮಾಡುವವನು ಗಂಟು ಬಿಚ್ಚುತ್ತಾನೆ. ‘ಈ ಬಳಕೆದಾರ ಹಣ ಕೊಟ್ಟಿದ್ದಾನೆಯೇ’ ಎಂದು ಮಳಿಗೆಯನ್ನು ಕೇಳುವ ಸಾಲುಗಳನ್ನು ಹುಡುಕುತ್ತಾನೆ. ಉತ್ತರ ಏನೇ ಬರಲಿ ‘ಹೌದು’ ಎಂದೇ ಎಣಿಸುವಂತೆ ತಿದ್ದುತ್ತಾನೆ. ಮತ್ತೆ ಗಂಟು ಕಟ್ಟಿ ತನ್ನ ಸಹಿ ಹಾಕುತ್ತಾನೆ. ಎಷ್ಟೋ ಬಾರಿ ಮೂಲ ತಯಾರಕನ ಜಾಹೀರಾತು ಸಂಕೇತವನ್ನು ಕಿತ್ತು ತನ್ನದನ್ನು ಸೇರಿಸುತ್ತಾನೆ. ಆಗ ಜಾಹೀರಾತಿನ ಕಾಸೂ ಅವನ ಜೇಬಿಗೇ ಬೀಳುತ್ತದೆ. ಇಷ್ಟರಲ್ಲಿ ಅಧಿಕೃತ ಮಳಿಗೆ ಸುರಕ್ಷಿತವೆಂದೂ ಭಾವಿಸಬೇಕಿಲ್ಲ. ಹೆಸರು, ಚಿತ್ರ ಕೊಂಚ ಬದಲಿಸಿದ ನಕಲಿಗಳು ಆ ಮಳಿಗೆಯೊಳಗೇ ಅಸಲಿಯ ಪಕ್ಕದಲ್ಲಿ ಅಂಗಡಿ ಹೂಡುವುದುಂಟು. 2014ರ ಫೆಬ್ರುವರಿಯಲ್ಲಿ ‘ಥ್ರೀಸ್’ ಎಂಬ ಅಂಕಿಯಾಟ ಬಂದ ಕೆಲವೇ ವಾರಗಳಲ್ಲಿ ಅದೇ ಬಗೆಯ ಉಚಿತ ಆಟಗಳ ಹಿಂಡು ಅದನ್ನು ಬದಿಗೊತ್ತಿದ್ದನ್ನು ನೆನೆಯಬಹುದು.

ನಷ್ಟದ ಪ್ರಮಾಣವೆಷ್ಟು? ‘ಮಾನ್ಯುಮೆಂಟ್ ವ್ಯಾಲಿ’ ಎಂಬ ಪ್ರಸಿದ್ಧ ಆಟದ ತಯಾರಕರು 2015ರ ಜನವರಿಯಲ್ಲಿ ಹೇಳಿದ ಪ್ರಕಾರ, ಆಂಡ್ರಾಯ್ಡ್ ಫೋನುಗಳಲ್ಲಿ ಸ್ಥಾಪನೆಯಾದ ಆ ಆಟದ ಪ್ರತಿಗಳಲ್ಲಿ ಹಣ ಕೊಟ್ಟು ಪಡೆದವು ಶೇ 5ರಷ್ಟು ಮಾತ್ರ. ಆ್ಯಪಲ್ ಫೋನುಗಳಲ್ಲಿ ಶೇ 40. ಒಬ್ಬರೇ ಎರಡು ಮೂರು ಸಾಧನಗಳಲ್ಲಿ ಹಾಕಿಕೊಂಡದ್ದೂ ಇದರಲ್ಲಿ ಸೇರಿರುವುದರಿಂದ ಉಳಿದದ್ದೆಲ್ಲ ಕಳವೆನ್ನಲಾಗದು. ಕದ್ದವರೆಲ್ಲರೂ ಕಳವು ಸಿಗದಿದ್ದರೆ ಕೊಳ್ಳುತ್ತಿದ್ದರೆಂದೂ ಹೇಳಲಾಗದು. ದೊಡ್ಡ ಕಂಪನಿಗಳು ಒಂದೊಂದು ನಕಲನ್ನೂ ಒಂದೊಂದು ನಷ್ಟವೆಂದು ಲೆಕ್ಕ ಹಾಕುವುದು ಅತಿಶಯೋಕ್ತಿಯೇ ಸರಿ. ಆದರೆ ಸಣ್ಣ ತಯಾರಕನ ಪಾಲಿಗೆ ಈ ವಾದದಿಂದ ಸಮಾಧಾನವಿಲ್ಲ. ಇಂಗ್ಲಿಷ್ ಆಟಕ್ಕೆ ಜಗತ್ತೆಲ್ಲ ಮಾರುಕಟ್ಟೆ. ನೂರರಲ್ಲಿ ಐವರು ಕೊಟ್ಟರೂ ಅದು ಬದುಕೀತು. ಕನ್ನಡದ ನಿಘಂಟು, ಕನ್ನಡದ ಮಕ್ಕಳ ಕಥೆ, ಕನ್ನಡದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಪಾಠ ಹೇಳುವ ಆ್ಯಪಿಗೆ ಇರುವ ಮಾರುಕಟ್ಟೆ ಒಂದು ರಾಜ್ಯದ್ದು. ಅದರಲ್ಲೂ ಹಣ ಕೊಡಬಲ್ಲವರು ಅಲ್ಪಸಂಖ್ಯಾತರು. ಅಲ್ಲಿ ಸಾವಿರ ಮಂದಿ ಕದ್ದರೆ ತಯಾರಕ ಎರಡನೆಯ ಆ್ಯಪು ಮಾಡುವುದೇ ಇಲ್ಲ.

ಈ ಕಥೆ ಕನ್ನಡಕ್ಕೆ ಹೊಸದಲ್ಲ. ಮೊಳೆ ಜೋಡಣೆ ಹೋಗಿ ಡಿಟಿಪಿ ಬಂದ ಕಾಲದಲ್ಲಿ ಕನ್ನಡ ಅಕ್ಷರಗಳ ತಂತ್ರಾಂಶ ದುಬಾರಿ ಸರಕಾಗಿತ್ತು. ಪುಣೆಯ ‘ಶ್ರೀಲಿಪಿ’ಯಂಥ ತಂತ್ರಾಂಶಗಳು ‘ಡಾಂಗಲ್’ ಎಂಬ ಪುಟ್ಟ ಬೀಗದೊಂದಿಗೆ ಬರುತ್ತಿದ್ದವು. ಗಣಕದ ಬೆನ್ನಿಗೆ ಆ ಬೀಗ ಸಿಕ್ಕಿಸದಿದ್ದರೆ ಅಕ್ಷರ ಮೂಡುತ್ತಿರಲಿಲ್ಲ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಉಚಿತವಾಗಿ ಬಂತು. ಬಳಿಕ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವನ್ನು ಆಧರಿಸಿ, ಸರ್ಕಾರದ ಬೆಂಬಲದೊಡನೆ, ಕನ್ನಡ ಗಣಕ ಪರಿಷತ್ತಿನ ‘ನುಡಿ’ಯೂ ಉಚಿತವಾಗಿ ಬಂತು. ಇವೆರಡರಿಂದ ಕನ್ನಡಕ್ಕೆ ಆದ ಉಪಕಾರವನ್ನು ಎಷ್ಟು ಹೇಳಿದರೂ ಕಡಿಮೆಯೇ. ಆದರೆ ಇದರ ಜೊತೆಗೆ ನಮಗೆ ಅರಿವಿಲ್ಲದಂತೆಯೇ ಒಂದು ರೂಢಿಯೂ ಬೆಳೆಯಿತು. ಕನ್ನಡದ ತಂತ್ರಾಂಶವೆಂದರೆ ಪುಕ್ಕಟೆ ಸಿಗಬೇಕಾದದ್ದು ಎಂಬ ರೂಢಿ ಅದು. ಹಲವು ಆವೃತ್ತಿಗಳವರೆಗೆ ಉಚಿತವಾಗಿದ್ದ ‘ಬರಹ’ ಮುಂದೆ ಬೆಲೆ ಕೇಳುವಂತಾದದ್ದರಲ್ಲಿ ಅಚ್ಚರಿಯೇನೂ ಇಲ್ಲ. ಅದನ್ನು ಕಂಡು ನಾವು ಹುಬ್ಬೇರಿಸಿದ್ದೇ ಅಚ್ಚರಿ.

ಇನ್ನು ತಯಾರಕರು ಈ ಕಳವಿಗೆ ಉತ್ತರ ಕೊಟ್ಟ ಬಗೆಗಳನ್ನು ನೋಡೋಣ. ಮೊದಲನೆಯದು ಸಿಟ್ಟು. 1976ರಲ್ಲಿ ಬಿಲ್ ಗೇಟ್ಸ್ ತಮ್ಮ ‘ಬೇಸಿಕ್’ ತಂತ್ರಾಂಶವನ್ನು ನಕಲು ಮಾಡಿಕೊಳ್ಳುತ್ತಿದ್ದ ಹವ್ಯಾಸಿಗಳಿಗೆ ಬಹಿರಂಗ ಪತ್ರ ಬರೆದು ಅದನ್ನು ಕಳ್ಳತನವೆಂದೇ ಕರೆದರು. 1986ರಲ್ಲಿ ಲಾಹೋರಿನ ಇಬ್ಬರು ಸೋದರರು ತಮ್ಮ ತಂತ್ರಾಂಶದ ನಕಲುಗಾರರನ್ನು ಪತ್ತೆ ಹಚ್ಚಲೆಂದು ಬರೆದ ‘ಬ್ರೈನ್’ ಊರೂರು ಸುತ್ತಿ, ಪಿಸಿಗಳ ಮೊದಲ ವೈರಸ್ ಎಂಬ ಅಪಖ್ಯಾತಿ ಗಳಿಸಿತು. ಎರಡನೆಯದು ವ್ಯಂಗ್ಯ. 2013ರ ಏಪ್ರಿಲ್‌ನಲ್ಲಿ ‘ಗೇಮ್ ಡೆವ್ ಟೈಕೂನ್’ ಆಟದ ತಯಾರಕರು ತಾವೇ ಒಂದು ‘ಒಡೆದ’ ಪ್ರತಿಯನ್ನು ಹೊರಬಿಟ್ಟರು. ಅದನ್ನು ಆಡಿದವರ ಕಾಲ್ಪನಿಕ ಕಂಪನಿ ಆಟದೊಳಗೆ ಕೃತಿಚೌರ್ಯದಿಂದಲೇ ದಿವಾಳಿಯೇಳುತ್ತಿತ್ತು! ಮೊದಲ ದಿನ ಆಡಿದವರಲ್ಲಿ ಹಣ ಕೊಟ್ಟವರು 214, ಕದ್ದವರು 3,104. ಮೂರನೆಯದು ಬೀಗ. ಗೂಗಲ್ 2010ರಲ್ಲಿ ಪರವಾನಗಿ ಪರಿಶೀಲನೆಯ ವ್ಯವಸ್ಥೆ ತಂದಿತು. ಈಗ ಆ್ಯಪು ಅಸಲಿಯೋ ಅಲ್ಲವೋ ಎಂಬುದನ್ನು ದೂರದ ಸರ್ವರ್ ಮೂಲಕ ಒರೆಹಚ್ಚುವ ‘ಪ್ಲೇ ಇಂಟೆಗ್ರಿಟಿ’ ಇದೆ. ನಾಲ್ಕನೆಯದು ಶರಣಾಗತಿ. 2012ರ ಜುಲೈನಲ್ಲಿ ‘ಡೆಡ್ ಟ್ರಿಗರ್’ ಆಟದವರು ಕಳವಿಗೆ ಬೇಸತ್ತು ಆಂಡ್ರಾಯ್ಡ್‌ನಲ್ಲಿ ತಮ್ಮ ಆಟವನ್ನೇ ಉಚಿತ ಮಾಡಿ, ಆಟದೊಳಗಿನ ಖರೀದಿಯಿಂದ ಹಣ ಹುಟ್ಟಿಸುವ ದಾರಿ ಹಿಡಿದರು.

ಈ ನಾಲ್ಕನೆಯ ದಾರಿಯೇ ಇಂದು ರಾಜಮಾರ್ಗವಾಗಿದೆ. ಅದರ ಬೆಲೆ ತೆರುತ್ತಿರುವವರು ಕದ್ದವರಲ್ಲ, ನಾವೆಲ್ಲರೂ. ಒಮ್ಮೆ ಹಣ ಕೊಟ್ಟು ಸದಾ ನಮ್ಮದಾಗಿಸಿಕೊಳ್ಳುವ ಆ್ಯಪುಗಳು ಕ್ರಮೇಣ ಅಪರೂಪವಾಗುತ್ತಿವೆ. ಅವುಗಳ ಜಾಗದಲ್ಲಿ ಜಾಹೀರಾತಿನ ಸುರಿಮಳೆ, ತಿಂಗಳ ಚಂದಾ, ನಮ್ಮ ಚಲನವಲನಗಳ ಮಾಹಿತಿ ಸಂಗ್ರಹ ಬಂದು ಕುಳಿತಿವೆ. ಮೂರನೆಯ ದಾರಿಯಾದ ಬೀಗದಿಂದಲೂ ಆಗಿರುವುದು ಇದೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ, ಬೀಗ ಒಡೆಯಬಲ್ಲ ಕಳ್ಳ ಸುಖವಾಗಿರುತ್ತಾನೆ. ಹಣ ಕೊಟ್ಟ ಪ್ರಾಮಾಣಿಕ ಪರದಾಡುತ್ತಾನೆ. ಪ್ರತಿ ಬಾರಿಯೂ ಸರ್ವರಿನ ಅಪ್ಪಣೆ ಕೇಳುವ ಆ್ಯಪು ಬೆಂಗಳೂರಿನಲ್ಲಿ ಸರಾಗವಾಗಿ ನಡೆದೀತು. ಕಪ್ಪತಗುಡ್ಡದ ಆಚೀಚಿನ ಹಳ್ಳಿಯಲ್ಲಿ ಸಿಗ್ನಲ್ ಸಿಗದ ಗಳಿಗೆಯಲ್ಲಿ ಅದು ಕೈಕೊಟ್ಟರೆ, ಹಣ ಕೊಟ್ಟು ಪಾಠದ ಆ್ಯಪು ಪಡೆದ ವಿದ್ಯಾರ್ಥಿನಿ ಏನು ಮಾಡಬೇಕು? ಬೀಗ ಒಡೆದ ಪ್ರತಿಯೇ ಅಸಲಿಗಿಂತ ಚೆನ್ನಾಗಿ ಕೆಲಸ ಮಾಡುವ ಸ್ಥಿತಿ ಬಂದರೆ, ಅದಕ್ಕೆ ಕಳ್ಳನೊಬ್ಬನೇ ಹೊಣೆಯಲ್ಲ ಎಂಬುದನ್ನು ತಯಾರಕರು ಮನಗಾಣಬೇಕು.

ಇದಕ್ಕಿಂತ ಗಂಭೀರವಾದ ಅಪಾಯ ಇನ್ನೊಂದಿದೆ. ಮಳಿಗೆಯ ಹೊರಗಿನಿಂದ ಬಂದ ಕಡತವನ್ನು ಹಾಕಿಕೊಳ್ಳುವಾಗ ಫೋನು ಎಚ್ಚರಿಕೆ ಕೊಡುತ್ತದೆ. ನಕಲಿ ಆಟ, ನಕಲಿ ವಾಟ್ಸ್‌ಆ್ಯಪ್‌ಗಳ ಚಟ ಹತ್ತಿದವರು ಆ ಎಚ್ಚರಿಕೆಯನ್ನು ಓದದೆ ‘ಅನುಮತಿಸು’ ಎಂದು ಒತ್ತುವುದನ್ನು ಅಭ್ಯಾಸ ಮಾಡಿಕೊಂಡಿರುತ್ತಾರೆ. ವಂಚಕರಿಗೆ ಬೇಕಾದದ್ದು ಈ ಅಭ್ಯಾಸವೇ. ಪಿಎಂ-ಕಿಸಾನ್ ಹೆಸರಿನಲ್ಲಿ, ಆರ್‌ಟಿಒ ದಂಡದ ಚಲನ್ ಹೆಸರಿನಲ್ಲಿ, ಕಡೆಗೆ ಮದುವೆಯ ಆಮಂತ್ರಣ ಪತ್ರಿಕೆಯ ಹೆಸರಿನಲ್ಲಿಯೂ ವಾಟ್ಸ್‌ಆ್ಯಪ್ ಮೂಲಕ ಎಪಿಕೆ ಕಡತಗಳನ್ನು ಕಳುಹಿಸಿ, ಫೋನಿಗೆ ಬರುವ ಒಟಿಪಿಯನ್ನು ಓದಿ, ಖಾತೆಯ ಹಣ ಎಗರಿಸುವ ಪ್ರಕರಣಗಳು ದೇಶದ ಹಲವೆಡೆ ವರದಿಯಾಗಿವೆ. ಮೆಣಸಿನಕಾಯಿ, ಈರುಳ್ಳಿ ಮಾರಿ ಬಂದ ಹಣವನ್ನು ಬ್ಯಾಂಕಿನಲ್ಲಿಟ್ಟ ಮುಂಡರಗಿಯ ರೈತನ ಫೋನಿನಲ್ಲಿ ಆತನ ಮಗ ಪುಕ್ಕಟೆ ಆಟ ಹಾಕಲೆಂದು ತೆರೆದಿಟ್ಟ ಬಾಗಿಲಿನಿಂದ ಯಾರು ಒಳಬರುತ್ತಾರೆಂದು ಹೇಳಬಲ್ಲವರಾರು? ಹಣ ಹೋದ ಕೂಡಲೇ 1930ಕ್ಕೆ ಕರೆ ಮಾಡಬಹುದು ನಿಜ. ಆದರೆ ಅದು ಕಳವಾದ ಮೇಲಿನ ಮಾತು. ಬಾಗಿಲು ಹಾಕಬೇಕಾದದ್ದು ಮೊದಲು.

ಕಾನೂನು ಇಲ್ಲವೇ ಎಂದು ಕೆಲವರು ಕೇಳುತ್ತಾರೆ. ಖಂಡಿತ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಗೆ 1984ರಲ್ಲಿ ತಂದ ತಿದ್ದುಪಡಿಯಿಂದಲೇ ಗಣಕದ ತಂತ್ರಾಂಶಕ್ಕೂ ಸಾಹಿತ್ಯ ಕೃತಿಯ ರಕ್ಷಣೆ ದೊರೆತಿದೆ. 1994ರ ತಿದ್ದುಪಡಿಯಲ್ಲಿ ಸೇರಿದ 63ಬಿ ಕಲಮಿನ ಪ್ರಕಾರ, ನಕಲಿ ಎಂದು ತಿಳಿದೂ ತಂತ್ರಾಂಶ ಬಳಸಿದವರಿಗೆ 7 ದಿನಗಳಿಂದ 3 ವರ್ಷಗಳವರೆಗೆ ಸೆರೆವಾಸ, 50 ಸಾವಿರದಿಂದ 2 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು; ಲಾಭಕ್ಕಾಗಿ ಬಳಸಿರದಿದ್ದರೆ ನ್ಯಾಯಾಲಯ ಸೆರೆವಾಸವನ್ನು ಬಿಟ್ಟು ದಂಡವನ್ನಷ್ಟೇ ಹಾಕಬಹುದು. 2012ರಲ್ಲಿ ಸೇರಿದ 65ಎ ಕಲಮು ರಕ್ಷಣೆಯ ಬೀಗ ಒಡೆಯುವುದನ್ನೇ ಅಪರಾಧವಾಗಿಸಿದೆ. ಆದರೆ ಆಟ ಆಡಿದ ಹುಡುಗನ ಮೇಲೆ ಈ ಕಲಮುಗಳನ್ನು ಝಳಪಿಸುವುದರಿಂದ ಪ್ರಯೋಜನವಿಲ್ಲ, ಅದು ನ್ಯಾಯವೂ ಅಲ್ಲ. ಅಮೆರಿಕದಲ್ಲಿ ಎಫ್‌ಬಿಐ 2012ರ ಆಗಸ್ಟ್‌ನಲ್ಲಿ ಕದ್ದ ಆ್ಯಪುಗಳನ್ನು ಹಂಚುತ್ತಿದ್ದ ಮೂರು ತಾಣಗಳನ್ನು ವಶಪಡಿಸಿಕೊಂಡಿತು. 2014ರ ಮಾರ್ಚ್‌ನಲ್ಲಿ ಅವುಗಳ ಪೈಕಿ ಒಂದನ್ನು ನಡೆಸುತ್ತಿದ್ದವರು ತಪ್ಪೊಪ್ಪಿಕೊಂಡರು. ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಹಂಚಿದವರ ಮೇಲೆ ಬಿದ್ದ ಆ ಕಣ್ಣು ಸರಿಯಾದ ಕಡೆಗೆ ಬಿದ್ದಿತ್ತು ಎನ್ನಬೇಕು. ನಮ್ಮ ಪೊಲೀಸರ ಗುರಿಯೂ ಕದ್ದ ಪಾಠಗಳನ್ನು ಟೆಲಿಗ್ರಾಂನಲ್ಲಿ ಹಣಕ್ಕೆ ಮಾರುವವರಾಗಬೇಕೇ ಹೊರತು, ಅವನ್ನು ಕೊಂಡ ಬಡ ಅಭ್ಯರ್ಥಿಗಳಲ್ಲ.

ಇಲ್ಲಿ ಒಂದು ಪ್ರತಿವಾದವನ್ನು ಎದುರಿಸಲೇಬೇಕು. ಜ್ಞಾನಕ್ಕೆ ಬೇಲಿ ಹಾಕುವುದು ನಮ್ಮ ಸಂಸ್ಕೃತಿಯಲ್ಲ, ಪ್ರತಿ ಮಾಡುವುದೇ ಇಲ್ಲಿ ಪುಣ್ಯದ ಕೆಲಸವಾಗಿತ್ತು ಎಂದು ಬಲ್ಲವರು ಹೇಳುತ್ತಾರೆ. ಮಾತು ಸುಳ್ಳಲ್ಲ. ಗದುಗಿನ ವೀರನಾರಾಯಣನ ಸನ್ನಿಧಿಯ ಕುಮಾರವ್ಯಾಸನ ಭಾರತ ಊರೂರಿಗೆ ಹರಡಿದ್ದು ಓಲೆಗರಿಗಳ ಮೇಲೆ ಅದನ್ನು ಪ್ರತಿ ಮಾಡಿದ ಲಿಪಿಕಾರರಿಂದಲೇ. ಆದರೆ ಆ ಲಿಪಿಕಾರರು ಕವಿಯ ಅಂಕಿತವನ್ನು ಅಳಿಸಿ ತಮ್ಮ ಅಂಕಿತ ಹಾಕಿಕೊಳ್ಳಲಿಲ್ಲ. ಇಂದಿನ ನಕಲಿಗಾರ ಮಾಡುವ ಮೊದಲ ಕೆಲಸವೇ ತಯಾರಕನ ಸಹಿ ಕಿತ್ತು ತನ್ನದನ್ನು ಒತ್ತುವುದು. ಅಲ್ಲದೆ, ಕೊಡುಗೆಗೂ ಕಳವಿಗೂ ಅಜಗಜಾಂತರವಿದೆ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕುಳಿತು ಕಟ್ಟಿದ, ಒಂದೂವರೆ ಲಕ್ಷದಷ್ಟು ಶಬ್ದಗಳ ಕನ್ನಡ-ಇಂಗ್ಲಿಷ್ ನಿಘಂಟು ‘ಅಲರ್’ 2019ರಲ್ಲಿ ಮುಕ್ತ ಪರವಾನಗಿಯಡಿ ಎಲ್ಲರಿಗೂ ದೊರೆಯಿತು. ಅದು ಅವರು ತಾವಾಗಿ ಮಾಡಿದ ದಾನ. ದಾನ ಮಾಡುವ ಹಕ್ಕು ಇರುವುದು ಒಡೆಯನಿಗೆ. ಅದನ್ನು ಅವನ ಪರವಾಗಿ ಚಲಾಯಿಸುವ ಅಧಿಕಾರವನ್ನು ನಮಗೆ ಯಾರೂ ಕೊಟ್ಟಿಲ್ಲ.

ಇನ್ನೊಂದು ವಾದ ಬೆಲೆಯದು. ಹಿಂದೆ ಇದರಲ್ಲಿ ಹುರುಳಿತ್ತು. ಬೆಲೆ ಡಾಲರಿನಲ್ಲಿತ್ತು, ಕ್ರೆಡಿಟ್ ಕಾರ್ಡ್ ಇಲ್ಲದವರಿಗೆ ಕೊಳ್ಳುವ ಮನಸ್ಸಿದ್ದರೂ ದಾರಿಯಿರಲಿಲ್ಲ. 2016ರಲ್ಲಿ ಯುಪಿಐ ಬಂದ ಮೇಲೆ ಈ ನೆಪ ಸವೆದಿದೆ. ಬೆಟಗೇರಿಯ ತರಕಾರಿ ಗಾಡಿಯಲ್ಲಿ ಹತ್ತು ರೂಪಾಯಿಯ ಕೊತ್ತಂಬರಿಗೆ ಫೋನಿನಿಂದ ಹಣ ಕೊಡುವವರು ಹತ್ತು ರೂಪಾಯಿಯ ಆ್ಯಪಿಗೂ ಕೊಡಬಲ್ಲರು. ಹಾಗಿರುವಾಗ ತಯಾರಕರು ಮಾಡಬೇಕಾದದ್ದು ಅಂಥ ಬೆಲೆಯನ್ನು ಇಡುವುದು, ಜಾಲ ಸಿಗದ ಕಡೆಯೂ ನಡೆಯುವಂತೆ ಆ್ಯಪು ರೂಪಿಸುವುದು. ಕನ್ನಡದ ಇ-ಪುಸ್ತಕ, ಕೇಳುಪುಸ್ತಕಗಳನ್ನು ಆ್ಯಪಿನಲ್ಲಿ ಬೆಲೆಗೆ ಕೊಡಲು 2020ರಲ್ಲಿ ಆರಂಭವಾದ ‘ಮೈಲ್ಯಾಂಗ್’ ಈ ದಿಕ್ಕಿನ ಒಂದು ಪ್ರಯತ್ನ. ಪಿಡಿಎಫ್ ಕಳವಿಗೆ ಶಾಪ ಹಾಕುತ್ತ ಕೂರುವ ಬದಲು, ಕೊಳ್ಳುವುದನ್ನು ಕದಿಯುವುದಕ್ಕಿಂತ ಸುಲಭ ಮಾಡುವುದೇ ಜಾಣ ಉತ್ತರ.

ಆ್ಯಪು ಮಳಿಗೆಗಳ ಹೊಣೆಯೂ ಸಣ್ಣದಲ್ಲ. 2021ರಿಂದ ಗೂಗಲ್ ಮತ್ತು ಆ್ಯಪಲ್ ಸಣ್ಣ ತಯಾರಕರ ಗಳಿಕೆಯ ಮೇಲಿನ ಕಮಿಷನ್ನನ್ನು ಶೇ 30ರಿಂದ ಶೇ 15ಕ್ಕೆ ಇಳಿಸಿವೆ. ಸಂತೋಷ. ಆದರೆ ಆ ಶೇ 15ಕ್ಕೆ ಪ್ರತಿಯಾಗಿ ಸಿಗುವ ರಕ್ಷಣೆಯೇನು? ತನ್ನ ಆ್ಯಪಿನ ನಕಲು ಕಂಡ ತಯಾರಕ ಇಂಗ್ಲಿಷಿನಲ್ಲಿ ಕಾನೂನು ಭಾಷೆಯ ದೂರು ತುಂಬಬೇಕು, ಕಾಯಬೇಕು. ತೆಗೆಸಿದ ಮರುದಿನವೇ ಅದು ಬೇರೆ ಹೆಸರಿನಲ್ಲಿ ತಲೆಯೆತ್ತಿದರೆ ಮತ್ತೆ ಮೊದಲಿನಿಂದ ಆರಂಭಿಸಬೇಕು. ಗೂಗಲ್ 2025ರ ಆಗಸ್ಟ್‌ನಲ್ಲಿ, ಮಳಿಗೆಯ ಹೊರಗೆ ಹಂಚುವವರೂ ಗುರುತು ದೃಢಪಡಿಸಿಕೊಳ್ಳಬೇಕೆಂಬ ನಿಯಮವನ್ನು ಪ್ರಕಟಿಸಿತು. ನಕಲಿಗಾರರ ಮುಖವಾಡ ಕಳಚಲು ಇದು ನೆರವಾದೀತು. ಆದರೆ ಯಾವ ಆ್ಯಪು ನಮ್ಮ ಫೋನಿನಲ್ಲಿರಬಹುದು ಎಂಬ ಅಂತಿಮ ಅಪ್ಪಣೆ ಒಂದೇ ಕಂಪನಿಯ ಕೈ ಸೇರುವುದನ್ನೂ, ಮುಕ್ತ ತಂತ್ರಾಂಶ ಹಂಚುವ ಹವ್ಯಾಸಿಗಳು ಇದರಡಿ ನಲುಗುವುದನ್ನೂ ನಾವು ಕಣ್ಣಿಟ್ಟು ನೋಡಬೇಕಾಗಿದೆ.

ಸರ್ಕಾರಕ್ಕೆ ನನ್ನ ಸಲಹೆ ಒಂದೇ, ಅದಕ್ಕೆ ಹೊಸ ಕಾನೂನೂ ಬೇಕಿಲ್ಲ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಡಿ ನಾವು ಆಸ್ತಿ ತೆರಿಗೆಯೊಡನೆ ಗ್ರಂಥಾಲಯ ಕರ ಕೊಡುತ್ತಿದ್ದೇವೆ. ಆ ಹಣದಿಂದ ಕನ್ನಡ ಪುಸ್ತಕಗಳ ಸಗಟು ಖರೀದಿಯಾಗುತ್ತದೆ. ನ್ಯೂನತೆಗಳೇನೇ ಇರಲಿ, ಕನ್ನಡದ ಸಣ್ಣ ಪ್ರಕಾಶಕರನ್ನು ಆ ಯೋಜನೆ ಉಳಿಸಿದೆ. 2020ರಿಂದ ರಾಜ್ಯದಲ್ಲಿ ಡಿಜಿಟಲ್ ಗ್ರಂಥಾಲಯವೂ ಇದೆ. ಉತ್ತಮ ಕನ್ನಡ ಆ್ಯಪುಗಳನ್ನು ಇದೇ ರೀತಿ ಸಗಟಾಗಿ ಕೊಂಡು, ಓದುಗ ಸದಸ್ಯರಿಗೆ ಉಚಿತವಾಗಿ ಒದಗಿಸಬಾರದೇಕೆ? ತಯಾರಕನಿಗೆ ಬೆಲೆ ಸಿಗುತ್ತದೆ. ಶಿರಹಟ್ಟಿಯ ಬಡ ವಿದ್ಯಾರ್ಥಿಗೆ ಪಾಠ ಸಿಗುತ್ತದೆ. ಕಳ್ಳ ಪ್ರತಿಗೆ ಗಿರಾಕಿಯೇ ಇಲ್ಲವಾಗುತ್ತಾನೆ.

ಒಟ್ಟಾಗಿ ಕೊಳ್ಳುವ ವಿದ್ಯೆಯನ್ನು ಗದಗ ಸೀಮೆಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಏಷ್ಯಾದ ಮೊದಲ ಕೃಷಿ ಸಹಕಾರ ಸಂಘವೆಂದು ಹೆಸರಾದ ಕಣಗಿನಹಾಳದ ಸಂಘವನ್ನು ಸಿದ್ದನಗೌಡ ಪಾಟೀಲರು 1905ರಲ್ಲಿ ಕಟ್ಟಿದ್ದು ಇದೇ ತಾಲ್ಲೂಕಿನಲ್ಲಿ. ಒಬ್ಬೊಬ್ಬ ರೈತನ ಕೈಗೆಟುಕದ್ದು ಹತ್ತು ಮಂದಿ ಕೂಡಿದರೆ ಎಟುಕುತ್ತದೆ ಎಂಬುದನ್ನು ಆ ಸಂಘ ತೋರಿಸಿಕೊಟ್ಟಿತು. ಊರಿನ ಡಿಟಿಪಿ ಕೇಂದ್ರಗಳು, ತರಬೇತಿ ಶಾಲೆಗಳು, ಕಾಲೇಜುಗಳು ಕೂಡಿ ಪರವಾನಗಿಗಳನ್ನು ಕೊಂಡರೆ ತಲಾ ಬೀಳುವ ಹೊರೆ ಕಡಿಮೆಯಾಗುತ್ತದೆ. ಇದು ಕಂಪನಿಗಳೂ ಒಲ್ಲೆನ್ನದ ವ್ಯವಹಾರ.

ಉಳಿದಂತೆ ಈ ಪುಟ ಓದುವ ನಾವು ನಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಕನ್ನಡದ ತಿರುಳು ನಾಡೆಂದು ಕವಿರಾಜಮಾರ್ಗ ಎಣಿಸಿದ ಊರುಗಳಲ್ಲಿ ಪುಲಿಗೆರೆ, ಅಂದರೆ ಇಂದಿನ ಲಕ್ಷ್ಮೇಶ್ವರವೂ ಒಂದು. ಆ ಊರಿನ ಮಗು ನಾಳೆ ಅಕ್ಷರ ಕಲಿಯುವುದು ಪಾಟಿಯ ಮೇಲಷ್ಟೇ ಅಲ್ಲ, ಫೋನಿನ ಮೇಲೂ. ಆ ಫೋನಿನಲ್ಲಿ ಒಳ್ಳೆಯ ಕನ್ನಡ ಇರಬೇಕಾದರೆ ಅದನ್ನು ಬರೆದವರ ಮನೆಯಲ್ಲಿ ಒಲೆ ಉರಿಯಬೇಕು. ಕನ್ನಡದ ಅಳಿವು ಉಳಿವಿನ ಬಗ್ಗೆ ನವೆಂಬರಿನಲ್ಲಿ ಮಿಡಿಯುವ ನಾವು ಒಂದು ಕನ್ನಡ ಆ್ಯಪಿಗೆ ಒಂದು ಮಸಾಲೆ ದೋಸೆಯ ಬೆಲೆ ಕೊಡಲು ಹಿಂದೆಗೆಯುವುದಾದರೆ, ಆ ಮಿಡಿತಕ್ಕೆ ಎಷ್ಟು ಬೆಲೆ?